ಗುರುವಾರದ ತಪಾಸಣೆಗೆ ಬುಧವಾರ

ನಾನು ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವ ಅಧಿಕಾರಿ. ಎದುರಿಗೆ ನನ್ನನ್ನು ಸಾಹೇಬರು ಅಂತಾರೆ, ಬೆನ್ನ ಹಿಂದೆ ಮೂಗು ಅಂತಾರೆ. ಹಾಲು ಕೆಡುವುದಕ್ಕೆ ಅರ್ಧ ದಿನ ಮೊದಲೇ ನನ್ನ ಮೂಗಿಗೆ ಗೊತ್ತಾಗುತ್ತದೆ. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಮನೆಯಲ್ಲೂ ಅದೇ ಮೂಗು ಕೆಲಸ ಮಾಡುತ್ತದೆ ಅನ್ನುವುದೇ ತಕರಾರು.

ಒಂದೂವರೆ ವರ್ಷದಿಂದ ನಮ್ಮ ಮನೆಯ ಫ್ರಿಜ್ಜನ್ನು ನಾನು ದಿನಕ್ಕೆರಡು ಸಲ ಪರೀಕ್ಷೆ ಮಾಡುತ್ತಿದ್ದೇನೆ. ಮೊಟ್ಟೆಯನ್ನು ನೀರಲ್ಲಿ ಮುಳುಗಿಸಿ ನೋಡುತ್ತೇನೆ, ಮಗಳ ತಟ್ಟೆಯನ್ನು ಅವಳ ಮುಂದಿನಿಂದಲೇ ಎತ್ತಿ ಮೂಸುತ್ತೇನೆ. ಅವಳಿಗೆ ಹದಿನೇಳು ವರ್ಷ. ನಾಲ್ಕು ತಿಂಗಳ ಹಿಂದೆ ಒಂದು ರಾತ್ರಿ ನಾನು ಹಾಗೆ ಎತ್ತಿದ ತಟ್ಟೆಯನ್ನು ಅವಳು ವಾಪಸ್ಸು ಇಸಕೊಂಡಳು, ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವತ್ತಿಂದ ನಮ್ಮ ಜೊತೆ ಊಟಕ್ಕೆ ಕೂತಿಲ್ಲ. ತೂಕ ಇಳಿದಿದೆ, ಮಣಿಕಟ್ಟು ಕಡ್ಡಿಯ ಹಾಗಾಗಿದೆ. ಬಾಗಿಲ ಆಚೆ ಅವಳು ತಿನ್ನುತ್ತಾಳೋ ಇಲ್ಲವೋ ಅಂತ ನಾನು ಕಿವಿಗೊಟ್ಟು ನಿಲ್ಲುತ್ತೇನೆ. ಭಯವಾಗುತ್ತದೆ.

ಕೊನೆಗೆ ಮಗಳೇ ಅಮ್ಮನ ಮೂಲಕ ಒಂದು ಷರತ್ತು ಕಳಿಸಿದಳು. ಅಪ್ಪ ಯಾರಾದರೂ ಕೌನ್ಸೆಲರ್ ಹತ್ತಿರ ಹೋಗಿ ಬರಲಿ, ಆಮೇಲೆ ಮೇಜಿಗೆ ಬರುತ್ತೇನೆ ಅಂತ. ನನ್ನ ಹೆಂಡತಿ ಅವತ್ತೇ ಫೋನು ಮಾಡಿ ಗುರುವಾರ ನಾಲ್ಕು ಗಂಟೆಗೆ ಸಮಯ ತೆಗೆದುಕೊಂಡಳು. ತಿನ್ನದೆ ಇರುವವಳು ಮಗಳು, ಡಾಕ್ಟರ ಹತ್ತಿರ ಹೋಗಬೇಕಾದವನು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಅಂದೆ. ಎಮ್ಮೆಗೆ ಚರ್ಮ ದಪ್ಪ, ಏನೂ ಆಗೋದಿಲ್ಲ, ಹೋಗಿ ಬನ್ನಿ ಅಂದಳು ಹೆಂಡತಿ.

ಎಂಟು ದಿನ ಕೈಯಲ್ಲಿತ್ತು. ತಯಾರಿ ಶುರು ಮಾಡಿದೆ. ಒಂದು ನೀಲಿ ಫೈಲು ತಂದು ಅದರಲ್ಲಿ ನಿದ್ದೆಗೆ ಒಂದು ಹಾಳೆ, ರಕ್ತದೊತ್ತಡಕ್ಕೆ ಒಂದು ಹಾಳೆ, ಕೆಲಸದ ಒತ್ತಡಕ್ಕೆ ಮೂರು ಹಾಳೆ ಇಟ್ಟೆ. ಹಾಳೆಯಲ್ಲಿ ಚೆನ್ನಾಗಿ ಕಾಣಲಿ ಅಂತ ಹತ್ತಕ್ಕೆಲ್ಲ ಮಲಗಿದೆ. ಬೆಳಿಗ್ಗೆ ವಾಕಿಂಗ್ ಹೋದೆ. ಕಾಫಿ ಬಿಟ್ಟೆ. ಹೆಂಡತಿಯ ಎದುರು ಹಾಲನ್ನು ಮೂಸುವುದು ಬಿಟ್ಟೆ, ಅವಳು ಸ್ನಾನಕ್ಕೆ ಹೋದ ಮೇಲೆ ಮೂಸಿದೆ. ಕ್ಷೌರ ಮಾಡಿಸಿಕೊಂಡು ಬಂದ ದಿನ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೂರ್ತಿ ಗುಣ ಆದಮೇಲೇ ಹೋಗೋದು ಅಂತ ಇದ್ದೀರಾ ಅಂತ ಕೇಳಿದಳು.

ಇದೇ ಕೆಲಸವನ್ನು ಹೋಟೆಲಿನವರು ಮಾಡುವುದನ್ನು ಇಪ್ಪತ್ತಾರು ವರ್ಷದಿಂದ ನೋಡಿದ್ದೇನೆ. ತಪಾಸಣೆ ನಾಳೆ ಅಂತ ಸುಳಿವು ಸಿಕ್ಕರೆ ಸಾಕು, ರಾತ್ರೋರಾತ್ರಿ ಗೋಡೆಗೆ ಸುಣ್ಣ, ನೆಲಕ್ಕೆ ಫಿನಾಯಿಲು. ಅಡುಗೆಯವನ ತಲೆಯ ಟೋಪಿಯಲ್ಲಿ ಪ್ಯಾಕೆಟ್ಟಿನ ಮಡಿಕೆ ಇನ್ನೂ ಹೋಗಿರುವುದಿಲ್ಲ. ಎಲ್ಲ ತೋರಿಸುತ್ತಾರೆ, ಹಿಂದಿನ ಉಗ್ರಾಣದ ಬೀಗದಕೈ ಮಾತ್ರ ಯಾವತ್ತೂ ಊರಿಗೆ ಹೋದ ಮ್ಯಾನೇಜರನ ಜೇಬಿನಲ್ಲಿರುತ್ತದೆ. ಇಂಥವರನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸುವ ಚಾಳಿ ನನ್ನ ಇಲಾಖೆಯಲ್ಲಿ ಸಂಬಳಕ್ಕೆ ಮಾಡುವಂಥದ್ದು.

ನನ್ನ ಉಗ್ರಾಣದಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಫೈಲಿನಲ್ಲಿ ಅದಕ್ಕೆ ಹಾಳೆ ಇರಲಿಲ್ಲ.

ಮಗಳ ಶಾಲೆಯ ಕ್ಯಾಂಟೀನಿಗೆ ಪರವಾನಗಿ ಕೊಟ್ಟವನು ನಾನೇ. ಅವತ್ತು ನನಗೆ ಹನ್ನೊಂದು ಕಡೆ ತಪಾಸಣೆ ಇತ್ತು. ಕ್ಯಾಂಟೀನಿನವನು ಒಳ್ಳೆಯ ಮನುಷ್ಯ, ಮಾತಿಗೆ ತಪ್ಪದವನು. ಹಿಂದಿನ ದಿನ ನಾನೇ ಫೋನು ಮಾಡಿ ನಾಳೆ ಬರುತ್ತೇನೆ, ಎಲ್ಲ ಸರಿಯಾಗಿ ಇಟ್ಟಿರು ಅಂದೆ. ಸರಿಯಾಗೇ ಇಟ್ಟಿದ್ದ. ಹತ್ತು ನಿಮಿಷದಲ್ಲಿ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ, ಹಿಂದಿನ ಕೋಣೆಯ ಬಾಗಿಲು ತೆಗೆಸಲಿಲ್ಲ. ಎರಡು ತಿಂಗಳಿಗೆ ಅಲ್ಲಿ ಉಂಡ ಆರು ಮಕ್ಕಳು ಆಸ್ಪತ್ರೆ ಸೇರಿದರು, ಅದರಲ್ಲಿ ನನ್ನವಳೂ ಒಬ್ಬಳು. ಒಂಬತ್ತು ದಿನ ಡ್ರಿಪ್ಪು. ಎಲ್ಲರೂ ಬದುಕಿಕೊಂಡರು. ಕ್ಯಾಂಟೀನಿಗೆ ಬೀಗ ಜಡಿಯಲು ಇಲಾಖೆ ಕಳಿಸಿದ್ದೂ ನನ್ನನ್ನೇ. ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಚೌಕಟ್ಟಿನ ಸಮೇತ ಇಳಿಸಿ ತಂದು ಆಫೀಸಿನ ಡ್ರಾಯರಿಗೆ ಹಾಕಿದೆ. ಅದರಲ್ಲಿ ಯಾರ ಸಹಿ ಇದೆ ಅಂತ ಯಾರೂ ಕೇಳಲಿಲ್ಲ. ನಾನೂ ಮನೆಯಲ್ಲಿ ಹೇಳಲಿಲ್ಲ. ಆಮೇಲೆ ಒಂದೇ ಒಂದು ತಪಾಸಣೆಗೂ ನಾನು ಮುಂಚೆ ತಿಳಿಸಿ ಹೋಗಿಲ್ಲ.

ಆ ಅಭ್ಯಾಸವೇ ಬುಧವಾರ ನನ್ನನ್ನು ಕೌನ್ಸೆಲರ ಆಫೀಸಿಗೆ ಎಳೆದುಕೊಂಡು ಹೋಯಿತು. ಗುರುವಾರ ಬರುವವರಿಗೆ ಅಂತ ಗುರುವಾರ ಚೊಕ್ಕ ಮಾಡಿಟ್ಟಿರುತ್ತಾರೆ, ನಿಜವಾದ ಬಣ್ಣ ಬುಧವಾರವೇ ಗೊತ್ತಾಗಬೇಕು. ಮೂರು ಗಂಟೆಗೆ, ಕನ್ನಡಕದಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದೆ. ಸ್ವಾಗತದ ಮೇಜಿನ ಹುಡುಗಿಗೆ, ನಾಳೆಯ ನಾಲ್ಕು ಗಂಟೆಯವನು ನಾನು, ಜಾಗ ನೋಡಿಕೊಂಡು ಹೋಗಲು ಬಂದೆ ಅಂದೆ. ಹೊರಗಿನ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದರ ಕಾಲಿಗೆ ಮಡಿಸಿದ ಕಾಗದದ ಆಸರೆ. ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಕೈತೊಳೆಯುವ ಬೇಸಿನ್ನಿನ ಕೆಳಗೆ ಬಗ್ಗಿ ಟಾರ್ಚು ಬಿಟ್ಟೆ, ತೇವ ಇತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ಮನಸ್ಸಿಗೆ ಹಾಯೆನಿಸಿತು. ಇಂಥಾ ಜಾಗದವರು ನನಗೇನು ಹೇಳಿಕೊಡುತ್ತಾರೆ?

ಹುಡುಗಿ ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಎದ್ದು ಒಳಗೆ ಹೋಗಿ ಬಂದು, ಮೂರು ಗಂಟೆಯವರು ಬರಲಿಲ್ಲ, ಮೇಡಂ ಈಗಲೇ ನೋಡ್ತಾರಂತೆ ಅಂದಳು.

ಇವತ್ತು ಆಗಲ್ಲ ಅಂದೆ. ಫೈಲು ಮನೆಯಲ್ಲಿದೆ ಅಂದೆ. ನಾಳೆ ಬಂದರೆ ಎಲ್ಲ ಸರಿಯಾಗಿ ತೋರಿಸುತ್ತೇನೆ ಅಂದೆ. ಹೇಳುತ್ತಿದ್ದಂತೆ ಆ ಮಾತುಗಳ ಗುರುತು ಹತ್ತಿತು. ಇಪ್ಪತ್ತಾರು ವರ್ಷ ಎಷ್ಟು ಹೋಟೆಲ್ ಮಾಲೀಕರು ಇದೇ ದನಿಯಲ್ಲಿ ನನಗೆ ಹೇಳಿದ್ದಾರೋ ಲೆಕ್ಕವಿಲ್ಲ. ಅಷ್ಟರಲ್ಲಿ ಕೌನ್ಸೆಲರ್ ಮೇಡಂ ಬಾಗಿಲಿಗೇ ಬಂದರು. ನನಗಿಂತ ಹಿರಿಯರು, ಕಾಲಿಗೆ ಮನೆಯ ಚಪ್ಪಲಿ.

"ಫೈಲೇನೂ ಬೇಡ," ಅಂದರು. "ಹೇಗಿದ್ದೀರೋ ಹಾಗೇ ಬನ್ನಿ."

ನಾನು ಅಡುಗೆಮನೆಗಳಲ್ಲಿ ಹೇಳುವುದೂ ಅದೇ, ಹೇಗಿದೆಯೋ ಹಾಗೇ ತೋರಿಸಿ ಅಂತ. ಬೇರೆ ದಾರಿಯಿಲ್ಲದೆ ಒಳಗೆ ಹೋಗಿ ಕೂತೆ. ಮೊದಲು ಸಿಲಿಂಡರಿನ ವಿಷಯ ಎತ್ತಿದೆ. ಅವರು ಬೇಸರ ಮಾಡಿಕೊಳ್ಳದೆ, ಒಳ್ಳೇದಾಯ್ತು ಹೇಳಿದ್ದು ಅಂತ ಬರೆದುಕೊಂಡರು. ತೇವದ ಬಗ್ಗೆ ಹೇಳಿದೆ, ಅದನ್ನೂ ಬರೆದುಕೊಂಡರು. ಹೇಳಲು ಇನ್ನೇನೂ ಉಳಿಯಲಿಲ್ಲ. ಮನೆಯಲ್ಲೂ ಹೀಗೇ ನೋಡುತ್ತೀರಾ ಅಂತ ಕೇಳಿದರು. ಹೌದು ಅಂದೆ. ಯಾವಾಗಿನಿಂದ ಅಂದರು.

ತಾರೀಖು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ತಾರೀಖು ಬಂದ ಮೇಲೆ ಆಸ್ಪತ್ರೆ ಬಂತು, ಆಸ್ಪತ್ರೆಯ ಹಿಂದೆ ಕ್ಯಾಂಟೀನು, ಅದರ ಹಿಂದೆ ಫೋನು. ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದೆ. ಎದುರಿಗಿದ್ದ ಟಿಶ್ಯೂ ಡಬ್ಬಿಯಲ್ಲಿ ಕೊನೆಯದೊಂದು ಕಾಗದ ಉಳಿದಿತ್ತು, ಅದೂ ನನಗೇ ಖರ್ಚಾಯಿತು.

ಮೇಡಂ ಪೆನ್ನು ಕೆಳಗಿಟ್ಟು, "ಮಗಳಿಗೆ ಇದು ಗೊತ್ತಾ?" ಅಂತ ಕೇಳಿದರು.

"ಇಲ್ಲ. ಗೊತ್ತಾದ್ರೆ ಅವಳು ನನ್ನ ಮುಖ ನೋಡಲ್ಲ."

"ಈಗ ನೋಡ್ತಿದ್ದಾಳಾ?"

ಮನೆಗೆ ನಡೆದೇ ಹೋದೆ. ಸಂಜೆ ಏಳೂವರೆಗೆ ಹೆಂಡತಿ ಒಲೆ ಆರಿಸಿದಳು. ಮಗಳು ಎಂದಿನಂತೆ ಬಂದು ತನ್ನ ತಟ್ಟೆಗೆ ಬಡಿಸಿಕೊಂಡು ಕೋಣೆಯ ಕಡೆ ತಿರುಗಿದಳು. ನಾನು ಅಡ್ಡ ನಿಂತೆ. ಅವಳು ತಟ್ಟೆಯನ್ನು ಎದೆಗೆ ಅವಚಿಕೊಂಡಳು, ನಾನು ಮೂಸಲು ಬಂದೆ ಅಂತಲೇ ತಿಳಿದಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ನಾನು ಇವತ್ತೇ ಹೋಗಿ ಬಂದೆ ಅಂದೆ. ಆಮೇಲೆ ನಿಂತಲ್ಲೇ ಹೇಳಿದೆ. ಫೋನು ಮಾಡಿ ಹೋಗಿದ್ದನ್ನು, ಹಿಂದಿನ ಕೋಣೆ ತೆಗೆಸದೇ ಇದ್ದದ್ದನ್ನು, ಚೌಕಟ್ಟನ್ನು ಇಳಿಸಿ ಬಚ್ಚಿಟ್ಟಿದ್ದನ್ನು. ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು, ಕುರ್ಚಿ ಎಳೆದು ಕೂತಳು. ಅವಳಿಗೆ ನಾನು ಆಮೇಲೆ ಬೇರೆಯಾಗಿ ಉತ್ತರ ಕೊಡಬೇಕಿತ್ತು, ಅದು ಇನ್ನೂ ಮುಗಿದಿಲ್ಲ.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂಗೊತ್ತಿತ್ತು ಅಪ್ಪ," ಅಂದಳು. "ದಿನಾ ಕ್ಯೂನಲ್ಲಿ ನಿಂತಾಗ ನಿನ್ನ ಸಹಿ ಎದುರಿಗೇ ಕಾಣ್ತಿತ್ತು. ಅಲ್ಲಿನ ಊಟ ಒಂಥರಾ ವಾಸನೆ ಅಂತ ನನ್ನ ಫ್ರೆಂಡ್ಸ್ ಮನೆಯಿಂದ ಡಬ್ಬಿ ತರ್ತಿದ್ರು. ನಾನು ತಿಂತಿದ್ದೆ. ನಮ್ಮಪ್ಪ ನೋಡಿದ್ದಾರೆ, ಏನೂ ಆಗಲ್ಲ ಅಂತ ಅವರಿಗೂ ಹೇಳ್ತಿದ್ದೆ. ಅದರಲ್ಲಿ ಇಬ್ರು ನನ್ನ ಮಾತು ಕೇಳಿ ತಿಂದ್ರು, ನನ್ನ ಜೊತೇನೇ ಆಸ್ಪತ್ರೆ ಸೇರಿದ್ರು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಒಂದೂವರೆ ವರ್ಷ ನಾನು ಅವಳ ತಟ್ಟೆಯನ್ನು ಮೂಸಿದೆ. ಆ ಇಬ್ಬರು ಮಕ್ಕಳ ಭಾರ ಅವಳ ಮೈಮೇಲೆ ಕೂತಿದ್ದು ಈ ಮೂಗಿಗೆ ಗೊತ್ತಾಗಲಿಲ್ಲ.

ಅದು ನಿನ್ನ ತಪ್ಪಲ್ಲ, ನನ್ನದು ಅಂದೆ. ಈ ಮಾತನ್ನು ಆಸ್ಪತ್ರೆಯಲ್ಲೇ ಹೇಳಬೇಕಿತ್ತು.

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ತನ್ನ ಹಳೆಯ ಜಾಗದಲ್ಲಿ ಕೂತಳು. ತುತ್ತು ಬಾಯಿಗಿಟ್ಟಳು, ಅಗಿಯಲಿಲ್ಲ, ಅಳಲು ಶುರುಮಾಡಿದಳು. ಅಳುತ್ತಲೇ ನನಗೊಂದು ಪ್ರಶ್ನೆ ಕೇಳಿದಳು. ಆ ಮೇಡಂ ಹತ್ತಿರ ಗುರುವಾರದ ನಾಲ್ಕು ಗಂಟೆ ಈಗ ಖಾಲಿ ಇದೆಯಲ್ಲ, ಅದಕ್ಕೆ ನಾನು ಹೋಗಲಾ ಅಂತ.