ಪಿಕಪ್ ಸೋರುವ ಜಾಗ

ಸುಟ್ಟೆಣ್ಣೆಯ ವಾಸನೆ, ಇಲ್ಲ, ಗಾಳಿ ತಿರುಗಿತು, ಈಗ ಬರೀ ಒಣಹುಲ್ಲಿನದು, ಅದು ಇನ್ನೂ ಕೆಟ್ಟದ್ದು, ಅಮೆರಿಕದ ಡಕೋಟಾದ ಈ ಬಯಲಿನಲ್ಲಿ ಆಗಸ್ಟ್ ತಿಂಗಳ ಒಣಹುಲ್ಲೆಂದರೆ ಇನ್ನೂ ಹೊತ್ತದ ಬೆಂಕಿ ಅಷ್ಟೇ, ವೆಂಡೆಲ್ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಸೊಂಟವನ್ನು ಅತ್ತ ಸರಿಸುತ್ತಾನೆ, ಇತ್ತ ಸರಿಸುತ್ತಾನೆ, ಡಾಕ್ಟರು ಕೂರಿಸಿದ ಲೋಹದ ಕೀಲು ಯಾವ ಮಗ್ಗುಲಿಗೂ ಒಪ್ಪುವುದಿಲ್ಲ, ಅವನ ಹೆಂಡತಿ ಆರ್ಡಿಸ್ ಮಾತ್ರ ಹಳೆಯ ಪಿಕಪ್ಪಿನಡಿ ಅಂಗಾತ ಜಾರಿಹೋಗಿದ್ದಾಳೆ, ಅರವತ್ತು ದಾಟಿದ ಹೆಂಗಸು, ಹೊರಗೆ ಕಾಣುವುದು ಬೂಟುಗಳಷ್ಟೇ — ಹುಡುಗಿ ಚೆನ್ನಾಗಿದಾಳೆ ಕಣೋ, ಆದ್ರೆ ಉಗುರಲ್ಲೆಲ್ಲ ಗ್ರೀಸು, ಎಂದಿದ್ದಳು ಮದುವೆಗೆ ಮುಂಚೆ ವೆಂಡೆಲ್‌ನ ಅಮ್ಮ, ಆ ಗ್ರೀಸಿಗೇ ತಾನು ಮನಸೋತದ್ದು ಎಂದು ಅಮ್ಮನಿಗೆ ಹೇಳುವುದಾದರೂ ಹೇಗೆ, ಅವಳಪ್ಪನ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಹೊಟ್ಟೆಗೆ ಕಿವಿಯಿಟ್ಟು, ಶ್, ಮಾತಾಡ್ಬೇಡ, ಬೇರಿಂಗ್ ಹೋಗಿದೆ, ಎಂದಿದ್ದಳು, ಅದೇ ಅವಳು ಅವನಿಗೆ ಹೇಳಿದ ಮೊದಲ ಮಾತು, ಅಂದಿನಿಂದ ಅವನು ಅವಳ ಮುಂದೆ ಅರ್ಧ ಮಾತು ನುಂಗಿಕೊಂಡೇ ಬಂದಿದ್ದಾನೆ, ಅದರಲ್ಲಿ ಬೇಸರವೇನೂ ಇಲ್ಲ.

ಪಿಕಪ್ಪಿನ ಬೆನ್ನ ಮೇಲೆ ನೀರಿನ ಟ್ಯಾಂಕು, ಪಂಪು, ಸುತ್ತಿಟ್ಟ ಪೈಪು, ಹುಲ್ಲಿಗೆ ಬೆಂಕಿ ಬಿದ್ದರೆ ಇಲ್ಲಿ ಅಕ್ಕಪಕ್ಕದವರೇ ಓಡಬೇಕು, ಪಟ್ಟಣದ ದೊಡ್ಡ ಲಾರಿ ಬರುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತದೆ, ಮೊದಲು ಅವನು ಓಡಿಸುತ್ತಿದ್ದ, ಸೊಂಟ ಕೈಕೊಟ್ಟ ಮೇಲೆ ಅವಳು, ಅವನಿಗೆ ಅಡುಗೆಮನೆ, ಗಾಡಿಯೊಂದಿಗೆ ಮಾತಾಡುವ ರೇಡಿಯೋ, ತಣ್ಣಗಾಗುವ ಕಾಫಿ, ಹೋದ ವಾರ ಹೊಗೆಯ ನಡುವಿನಿಂದ ಅವಳ ದನಿ, ಗೇರ್ ಹಿಡೀತಿಲ್ಲ ವೆಂಡೆಲ್, ಸ್ವಲ್ಪ ತಾಳು, ಎಷ್ಟು ಸಲೀಸಾಗಿ ಹೇಳಿದಳು, ಒಲೆ ಮೇಲೆ ಹಾಲಿಟ್ಟಿದೀನಿ ತಾಳು ಅನ್ನುವ ಹಾಗೆ, ಆಮೇಲೆ ರೇಡಿಯೋದಲ್ಲಿ ಬರೀ ಕರಕರ, ಅವನು ಮೇಜಿನ ಅಂಚು ಹಿಡಿದು ನಿಂತೇ ಇದ್ದ — ಅತ್ತ ಇಂಜಿನ್ ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ, ಅವಳು ಇಳಿದು, ಸೀಟಿನ ಹಿಂದೆ ಇಟ್ಟಿದ್ದ ಗೇರ್ ಎಣ್ಣೆಯ ಬಾಟಲಿ ಬಾನೆಟ್ ಎತ್ತಿ ಸುರಿದು, ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಬಂದಳಂತೆ, ಮನೆಗೆ ಬಂದವಳು ಮಸಿ ಮುಖದಲ್ಲೇ ತಿನ್ನೋಕೆ ಪೈ ಉಳಿದಿದ್ಯಾ ಎಂದು ಕೇಳಿದಳು, ಇಂಥವಳನ್ನು ಮೆಚ್ಚದೆ ಏನು ಮಾಡುವುದು, ಇಂಥವಳ ಜೊತೆ ಬಾಳುವುದಾದರೂ ಹೇಗೆ. ಪಕ್ಕದ ಜಮೀನಿನ ಡ್ವೇನ್ ಬಂದು ಸೋರಿಕೆ ಹಿಡಿಯಲು ಗಾಡಿಯಡಿ ಹಾಸಿದ್ದ ರಟ್ಟು ನೋಡಿದ, ಎಣ್ಣೆಯ ಕೆಂಪು ಕಲೆ ಗೇರ್‌ಬಾಕ್ಸಿನ ಮುಂದಿನ ತುದಿಗೆ ಸರಿಯಾಗಿ, ಎಣ್ಣೆ ತಡೆಯೋ ಮುಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸನ್ನೇ ಇಳಿಸ್ಬೇಕು, ಈ ಮುದಿ ಗಾಡಿಗೆ ಯಾರು ಅಷ್ಟು ಮಾಡ್ತಾರೆ, ಶೆಡ್ ಹಿಂದಕ್ಕೆ ತಳ್ಳಿಬಿಡಿ, ಆರ್ಡಿಸ್ ಇನ್ನು ಮನೇಲಿರ್ಲಿ, ನಾವಿಲ್ವಾ, ಎಂದ, ಆಗ ವೆಂಡೆಲ್‌ಗೆ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು, ಆ ಖುಷಿಗೆ ಅವನಿಗೇ ನಾಚಿಕೆಯೂ ಆಯಿತು.

ಅವಳು ಒಪ್ಪಿದಳೇ, ಊಹೂಂ, ಸೊಂಟಕ್ಕೆ ಕೈಯಿಟ್ಟು ಗಾಡಿಯನ್ನಲ್ಲ, ಗಾಡಿ ನಿಂತ ಇಳಿಜಾರನ್ನು ನೋಡಿದಳು, ಇದು ನಿಮ್ಮಪ್ಪನ ಚಾಳಿ ಕಣೋ, ಎಂದಳು — ನಿಜ, ಅಪ್ಪನ ಕಾಲದಲ್ಲಿ ಚಳಿಗೆ ಬ್ಯಾಟರಿ ಸತ್ತರೆ ಗಾಡಿಯನ್ನು ಉರುಳಿಸಿಯೇ ಚಾಲೂ ಮಾಡಬೇಕಿತ್ತು, ಹಾಗಾಗಿ ಈ ಮನೆಯ ಗಾಡಿಗಳೆಲ್ಲ ಮೂತಿ ತಗ್ಗಿಗೆ ಮಾಡಿಯೇ ನಿಲ್ಲುತ್ತವೆ, ಇದಕ್ಕೋ ತಾನೇ ಬದಲಾಗುವ ಗೇರು, ಮಿಸ್ಸೂರಿ ನದಿಯ ತನಕ ಉರುಳಿಸಿದರೂ ಚಾಲೂ ಆಗದು, ಆದರೂ ಕೈಗೆ ಅದೇ ರೂಢಿ — ತಗ್ಗಿಗೆ ನಿಲ್ಲಿಸಿದ್ರೆ ಎಲ್ಲಿ ಸೋರಿದ್ರೂ ಎಣ್ಣೆ ಮುಂದಕ್ಕೆ ಹರಿಯುತ್ತೆ, ತೊಟ್ಟಿಕ್ಕೋ ಜಾಗಾನೇ ಸೋರೋ ಜಾಗ ಅಂತ ಯಾರು ಹೇಳಿದ್ದು ಆ ಡ್ವೇನ್‌ಗೆ, ಎಂದಳು ಆರ್ಡಿಸ್. ಗಾಡಿಯಡಿಯ ಜಿಡ್ಡನ್ನೆಲ್ಲ ತೊಳೆದಳು, ಒಣಗಿಸಿದಳು, ವೆಂಡೆಲ್‌ನ ಕಾಲಿನ ಪೌಡರ್ ಡಬ್ಬಿ ತಂದು ಗೇರ್‌ಬಾಕ್ಸಿಗೆಲ್ಲ ಎರಚಿದಳು, ತೊಟ್ಟಿಲ ಮಗುವಿಗೆ ಹಚ್ಚುವಷ್ಟು ಅಕ್ಕರೆಯಿಂದ, ಆಮೇಲೆ ಒಂದು ಸುತ್ತು ಓಡಿಸಿ ಶೆಡ್ಡಿನ ಸಮತಟ್ಟು ಸಿಮೆಂಟಿನ ಮೇಲೆ ನಿಲ್ಲಿಸಿದಳು, ಚಕ್ರಕ್ಕೆ ಮರದ ತುಂಡು ಕೊಟ್ಟಳು, ಇಂಜಿನ್ ನಡೆಯುತ್ತಲೇ ಇರಲಿ, ನೀನು ಎಡಗಡೆಯಿಂದ ಟಾರ್ಚ್ ಬಿಡು, ಎಂದು ಒಳಗೆ ಜಾರಿದಳು.

ಟಾರ್ಚು ಬಿಡುತ್ತಾನೆ, ಬಗ್ಗಿದರೆ ಕೀಲು ಚುಚ್ಚುತ್ತದೆ, ಬಿಳುಪು, ಎಲ್ಲ ಬಿಳುಪು, ಮುಂದಿನ ತುದಿ ಒಣಗಿಕೊಂಡಿದೆ, ಡ್ವೇನ್ ಹೇಳಿದ ಜಾಗದಲ್ಲಿ ಒಂದು ಹನಿಯೂ ಇಲ್ಲ, ಆದರೆ ಪಕ್ಕದಲ್ಲಿ, ಗೇರ್ ಸರಳು ಪೆಟ್ಟಿಗೆಯೊಳಗೆ ಹೋಗುವ ಕಡೆ, ಪೌಡರಿನ ಮೇಲೊಂದು ಕೆಂಪು ಗೆರೆ, ದಾರದಷ್ಟು ಸಣ್ಣ, ಕಾದ ಸೈಲೆನ್ಸರ್ ಪೈಪಿನ ಕಡೆಗೆ ಇಳಿಯುತ್ತಿದೆ, ಬೆಂಕಿ ಆರಿಸುವ ಗಾಡಿಯೇ ಒಂದು ದಿನ ಹುಲ್ಲಿಗೆ ಬೆಂಕಿ ಹಚ್ಚುತ್ತಿತ್ತೇನೋ, ಅಲ್ಲಿರುವುದು ನಾಣ್ಯದಷ್ಟು ಸಣ್ಣ ಸೀಲು, ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಸಂಜೆಯೊಳಗೆ ಗಾಡಿ ಸರಿ, ನಾಳೆ ಎಲ್ಲಾದರೂ ಹೊಗೆ ಎದ್ದರೆ ಅವಳು ಹೋಗುತ್ತಾಳೆ, ಅವನಿಗೆ ಮತ್ತೆ ಮೇಜಿನ ಅಂಚು. ಏನಾದ್ರೂ ಕಾಣ್ತಿದ್ಯಾ, ಕೆಳಗಿನಿಂದ ಅವಳ ದನಿ, ಅವನು ಟಾರ್ಚನ್ನು ಸ್ವಲ್ಪ ಆಚೆ ತಿರುಗಿಸುತ್ತಾನೆ, ಕೆಂಪು ಗೆರೆ ಕತ್ತಲಿಗೆ ಹೋಗುತ್ತದೆ, ಏನೂ ಇಲ್ಲ ಎಂದರೆ ಸಾಕು, ಡ್ವೇನ್ ಹೇಳಿದ್ದೇ ಸರಿ ಎಂದರೆ ಸಾಕು, ಗಾಡಿ ಶೆಡ್ಡಿನ ಹಿಂದೆ, ಹೆಂಡತಿ ಅಡುಗೆಮನೆಯಲ್ಲಿ, ಆದರೆ ಅವಳು ಅಡುಗೆಮನೆಯಲ್ಲಿ ರೇಡಿಯೋ ಕೇಳುತ್ತ ಕೂತ ಚಿತ್ರ ಎಷ್ಟು ಎಳೆದರೂ ಬರುವುದಿಲ್ಲ, ಬರುವುದು ಆ ಹುಡುಗಿ, ಲೋಹಕ್ಕೆ ಕಿವಿಯಿಟ್ಟವಳು, ಕೈ ತಾನಾಗಿಯೇ ಟಾರ್ಚನ್ನು ಹಿಂದಕ್ಕೆ ತರುತ್ತದೆ, ಬಿಳುಪು, ಕೆಂಪು ಗೆರೆ.

ಇಲ್ಲಿದೆ, ಗೇರ್ ಸರಳಿನ ಹತ್ರ, ಎನ್ನುತ್ತಾನೆ, ಕೆಳಗಿನಿಂದ ಅವಳು, ಗೊತ್ತು, ಆಗ್ಲೇ ನೋಡ್ದೆ, ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಹೆದರಿಕೆ ಆಗುತ್ತೆ ಆರ್ಡಿಸ್. ನಂಗೂ, ಪ್ರತಿ ಸಲ, ಇಂಜಿನ್ ನಿಲ್ಸು, ಸ್ಪ್ಯಾನರ್ ಕೊಡು — ನಂಗೂ ಎಂದಳೇ, ಅವಳಿಗೂನಾ, ಇಷ್ಟು ವರ್ಷ ಇವಳಿಗೆ ಹೆದರಿಕೆಯೆಂಬುದೇ ಇಲ್ಲವೆಂದು ಮೆಚ್ಚಿಕೊಂಡು ಕೂತಿದ್ದ, ಹಾಗಾದರೆ ಹೋದ ವಾರ ಆ ಹೊಗೆಯಲ್ಲಿ, ತಾಳು ಎಂದದ್ದು, ಹೆದರಿಕೊಂಡೇ ಎಂದದ್ದು, ಮೇಜಿನ ಅಂಚು ಹಿಡಿದ ತನಗೋಸ್ಕರ ಎಂದದ್ದು, ಎದ್ದು ಇಂಜಿನ್ ನಿಲ್ಲಿಸಬೇಕು, ಸ್ಪ್ಯಾನರ್ ಪಕ್ಕದಲ್ಲೇ ಇದೆ, ಕೈ ಚಾಚಬೇಕು, ಟಾರ್ಚು ಅಲುಗುತ್ತಿಲ್ಲ, ಬಿಳಿ ಪೌಡರು, ಅದರ ಮೇಲೆ ಕೆಂಪು ಗೆರೆ, ಗೆರೆಯ ತುದಿಗೆ ಚಾಚಿದ ಅವಳ ಬೆರಳು, ಉಗುರಲ್ಲಿ ಗ್ರೀಸು, ಕೆಂಪು ಗೆರೆ.