ಗೋಡೆಗೆ ಒರೆಸಿದ ಹೆಬ್ಬೆರಳು

ತನ್ನ ಹೆಬ್ಬೆರಳು ಹಿಡಿದು ಮಸಿಡಬ್ಬಿಗೆ ಒತ್ತಲು ಹೊರಟಿದ್ದ ಆಸ್ಪತ್ರೆಯ ಕಾಂಪೌಂಡರ್ ಚಿಕ್ಕಬೀರಪ್ಪನಿಂದ ಗಂಗಲಕ್ಷ್ಮಮ್ಮ ಕೈ ಕಿತ್ತುಕೊಂಡಳು, ಪೆನ್ ಕೊಡಿ, ನಂಗೆ ರುಜು ಬರುತ್ತೆ — ರಾಜಘಟ್ಟದ ಶಾಲೆ, ನಾಲ್ಕನೇ ಕ್ಲಾಸು, ಎಂಜಲಲ್ಲಿ ಒರೆಸಿ ಒರೆಸಿ ಕಲಿತ ಹೆಸರು, ಉದ್ದದ ಹೆಸರು, ಸ್ಲೇಟಿನಲ್ಲಿ ಹಿಡಿಯುತ್ತಲೇ ಇರಲಿಲ್ಲ — ಬರೆದಳು, ಆಯಿತಲ್ಲ, ಇನ್ನೇನು, ಆದರೆ ಅವನ ಬೆರಳು ಕೆಳಗಿನ ಖಾಲಿ ಗೆರೆಯ ಮೇಲೆ, ಯಜಮಾನ್ರು ಎಲ್ಲವ್ರೆ ತಾಯಿ, ಅವರ ಒಪ್ಪಿಗೆ ಇಲ್ದೆ ಡಾಕ್ಟರಮ್ಮ ಕಾಗದ ಮುಟ್ಟಲ್ಲ. ಅವನ ಬೆನ್ನ ಹಿಂದೆ ಗೋಡೆ, ಸುಣ್ಣದ ಮೇಲೆ ನೀಲಿ ಗುರುತುಗಳು, ಹೆಬ್ಬೆಟ್ಟೊತ್ತಿದ ಗಂಡಂದಿರು ಮಸಿ ಒರೆಸಿಹೋದದ್ದು. ಯಜಮಾನ್ರು ಲಾರಿ ಜೊತೆ ಬೊಂಬಾಯಿ ಕಡೆ, ಬರುವುದು ಯುಗಾದಿಗೆ, ಬಸುರಿಗೆ ಮೂರು ತಿಂಗಳು ತುಂಬಲು ಇನ್ನು ಒಂಬತ್ತೇ ದಿನ, ತುಂಬಿದ ಮೇಲೆ ಇಲ್ಲಿ ತೆಗೆಯಲ್ಲ ಅಂದವರೂ ಈ ಆಸ್ಪತ್ರೆಯವರೇ, ಹೋದ ಹೆರಿಗೆಯಲ್ಲಿ ಉಸಿರು ನಿಂತು ನಿಂತು ಬಂದಾಗ ಇನ್ನೊಂದು ಬಸುರಾದರೆ ನಿನ್ನ ಗುಂಡಿಗೆ ತಡೆಯಲ್ಲ ಅಂದವರೂ ಇವರೇ — ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವಾಗ ಎಳೆ ಕಡಿದರೆ ಅವಳೇ ಗಂಟು ಹಾಕುತ್ತಾಳೆ, ಯಾರನ್ನು ಕೇಳಬೇಕು, ಗುಂಡಿಗೆ ಯಾರದು. ಸೂಲಗಿತ್ತಿ ಸೊಣ್ಣಮ್ಮ ಹೇಳಿದ್ದಳಲ್ಲ, ಹೊಸ ಕಾಯಿದೆ ಬಂದೈತೆ ಕಣವ್ವಾ, ವಯಸ್ಸಿಗೆ ಬಂದ ಹೆಂಗಸು ತಾನೇ ಒಪ್ಪಿದ್ರೆ ಸಾಕಂತೆ, ಅದನ್ನೇ ಹೇಳಿದರೆ ಚಿಕ್ಕಬೀರಪ್ಪ ನಗುತ್ತಾನೆ, ಕಾಯಿದೆ ಡೆಲ್ಲೀಲೈತೆ ತಾಯಿ, ನಾಳೆ ನಿನ್ ಗಂಡ ಬಂದು ನನ್ ಕೊರಳಪಟ್ಟಿ ಹಿಡ್ಕೊಂಡ್ರೆ ಬಿಡಿಸೋಕೆ ಅಲ್ಲಿಂದ ಬರ್ತಾರಾ. ಒಳಗೆ ಡಾಕ್ಟರಮ್ಮ ಕೈ ತೊಳೆಯುವ ಸದ್ದು, ಹತ್ತು ಹೆಜ್ಜೆ, ಅಷ್ಟೇ ದೂರ. ಆಗ ಅವನು ದನಿ ತಗ್ಗಿಸಿದ, ಕೆಟ್ಟವನಲ್ಲ, ಮರುಕವೇ ಇತ್ತು ದನಿಯಲ್ಲಿ — ಜಟಕಾ ಹೊಡೆಯೋ ಆದಿನಾರಾಯಣಪ್ಪ ಅವ್ನೆ, ಗಂಡ ಅಂತ ಒತ್ತಿಬಿಡ್ತಾನೆ, ಎಷ್ಟೋ ಜನಕ್ಕೆ ಒತ್ತವ್ನೆ, ಯಾರೂ ಕೇಳಲ್ಲ. ಬಾಗಿಲಲ್ಲಿ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ನಿಂತವನು ಕೈ ಮುಂದೆ ಚಾಚಿದ್ದಾನೆ, ಹೆಬ್ಬೆರಳು ಆಗಲೇ ನೀಲಿ. ಅವಳು ಗೋಡೆ ನೋಡಿದಳು, ಎಲ್ಲ ಗುರುತೂ ಒಂದೇ ಎತ್ತರದಲ್ಲಿ, ಒಂದೇ ಅಗಲ, ಎಷ್ಟು ಹೆಂಗಸರಿಗೆ ಒಬ್ಬನೇ ಗಂಡ — ಬರೆದ ಹೆಸರಿನ ಮಸಿ ಇನ್ನೂ ಆರಿಲ್ಲ, ಅದರ ಕೆಳಗೆ ಇವನು, ಒಂಬತ್ತು ದಿನ, ಹತ್ತು ಹೆಜ್ಜೆ, ಒತ್ತಿಬಿಡಲಿ, ಒತ್ತಿದರೆ ಬದುಕುತ್ತಾಳೆ, ಯಾರು ಬದುಕುತ್ತಾರೆ, ಇವನ ಹೆಂಡತಿಯಾ — ಅಂಗೈ ಅಗಲಿಸಿ ಕಾಗದದ ಆ ಖಾಲಿ ಜಾಗ ಮುಚ್ಚಿದಳು.

ಬೇಡ. ನನ್ ರುಜು ಐತೆ, ಅದನ್ನೇ ಒಳಕ್ಕೆ ತಗೊಂಡೋಗಿ.

ಚಿಕ್ಕಬೀರಪ್ಪ ಕಾಗದ ಎತ್ತಿಕೊಳ್ಳಲಿಲ್ಲ. ಗೋಡೆಯ ಮೇಲೆ ಆ ಹೆಬ್ಬೆರಳು, ಅದರ ಪಕ್ಕ ಅದೇ ಹೆಬ್ಬೆರಳು, ಅದರ ಪಕ್ಕ ಅದೇ.