ದಿಮ್ಮಿ ಗೋಡೆ

"ನಿಧಾನ ಮಾರಾಯ, ನಿಧಾನ! ವೈರ್ ಕಾಲಿಗೆ ಸಿಕ್ಕೀತು," ಎನ್ನುತ್ತ ಮಲ್ಲಿಕಾರ್ಜುನಪ್ಪ ಜೆರಾಕ್ಸ್ ಮಿಷನ್ನನ್ನು ಗೋಡೆಗೆ ಒತ್ತರಿಸಿದ. ಚಂದ್ರಶೇಖರನನ್ನು ಹೊರಗೆ ತರಲು ಅಷ್ಟಾದರೂ ದಾರಿ ಬೇಕಿತ್ತು.

ಕಳಸದ ಪೇಟೆಯಲ್ಲಿದ್ದ ಆ ಕಂಪ್ಯೂಟರ್ ಅಂಗಡಿ ಚಂದ್ರಶೇಖರನ ಮಗಳು ಧನ್ಯಾಳದ್ದು. ಹಿಂದಿನ ಸಂಜೆ ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಚಂದ್ರಶೇಖರ ಕೂತ ಹಾಗೇ ಹೋಗಿಬಿಟ್ಟಿದ್ದ. ಮನೆಗೆ ಒಯ್ಯೋಣವೆಂದರೆ ಬಾಡಿಗೆ ಮನೆಯ ಯಜಮಾನಿ ಗಿರಿಜಾಂಬಾ ಕೈ ಮುಗಿದುಬಿಟ್ಟಳು.

"ಸೊಸೆ ತುಂಬಿದ ಬಸುರಿ, ವಿಮಲ. ತಪ್ಪು ತಿಳ್ಕೋಬೇಡ. ಹೆಣ ಒಳಗೆ ಬೇಡ, ಸಾವಿನ ದೀಪಾನೂ ಬೇಡ."

ಹಾಗೆಂದವಳೇ ಬೆಳಗಾಗುತ್ತಲೂ ಎಲ್ಲರಿಗೂ ಕಾಫಿ ಕಾಸಿ ಕಳಿಸಿದ್ದಳು. ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಅವಳು ಆಸ್ಪದ ಕೊಡಲಿಲ್ಲ.

ಚಂದ್ರಶೇಖರನ ಹೆಂಡತಿ ವಿಮಲಮ್ಮನನ್ನು ಕೊರೆಯುತ್ತಿದ್ದದ್ದು ಒಂದೇ. ಜೀವಮಾನವಿಡೀ ದುಡಿದ ಮನುಷ್ಯ, ತನ್ನದೆಂಬ ಒಂದು ಹೊಸ್ತಿಲು ದಾಟಿ ಹೋಗಲಿಲ್ಲವಲ್ಲ! ಕುದುರೆಮುಖದಲ್ಲಿ ಕಂಪನಿಯ ಕ್ವಾರ್ಟರ್ಸ್, ಗಣಿ ನಿಂತ ಮೇಲೆ ಇಲ್ಲಿ ಬಾಡಿಗೆ ಮನೆ, ಕಡೆಗೆ ಅಂಗಡಿಯ ಶಟರ್. ಜನ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದು ಮುಖ ನೋಡಿ ಹೋಗುತ್ತಿದ್ದರು. ಅವರದೇನು ತಪ್ಪು, ಅಂಗಡಿಯಲ್ಲವೇ?

"ನೋವಿಲ್ದೆ ಹೋದ್ರಲ್ಲ, ಅದೇ ಪುಣ್ಯ," ಎಂದಳು ಪಕ್ಕದ ಅಂಗಡಿಯ ಸಾವಿತ್ರಮ್ಮ.

"ಎಂಥ ಪುಣ್ಯ ಸಾವಿತ್ರಮ್ಮ? ಅರವತ್ತಕ್ಕೆ ಬಂದ ಗಂಡಸು, ಮಕ್ಕಳ ಹಾಗೆ ಆಟ ಆಡ್ತಾ ಹೋದ್ರು. ದಿನಾ ಬೈತಿದ್ದೆ. ನಿನ್ನೇನೂ ಬೈದೆ." ಅಷ್ಟು ಹೇಳಿ ವಿಮಲಮ್ಮ ಗಂಡನ ಮೇಲಿನ ಹೊದಿಕೆ ಸರಿಪಡಿಸಿದಳು.

ಗಂಡಸರು ಹೆಗಲು ಕೊಟ್ಟರು. ಚಂದ್ರಶೇಖರನ ಅಣ್ಣನ ಮಗ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಹೊರಡುವ ಮೊದಲು ಮಲ್ಲಿಕಾರ್ಜುನಪ್ಪ ಹಿಂತಿರುಗಿ ಬಂದ. ಗಣಿಯಲ್ಲಿ ಜೊತೆಗೆ ದುಡಿದವನು ಅವನು.

"ಜೀವ ಹೋದ ಜಾಗದಲ್ಲೇ ದೀಪ ಹಚ್ಚಿಡಿ ಅಕ್ಕ. ಹೊಳೇಲಿ ಮುಳುಗಿ ಬಂದು ದೀಪ ನೋಡ್ದೆ ನಾವ್ಯಾರೂ ಮನೆಗೆ ಹೋಗೋ ಹಾಗಿಲ್ಲ."

ಅಂಗಡಿಯಲ್ಲಿ ತಾಯಿ ಮಗಳಿಬ್ಬರೇ ಉಳಿದರು. ಧನ್ಯಾ ನೆಲ ತೊಳೆದಳು. ದೀಪಕ್ಕೆ ಜಾಗ ಮಾಡಲೆಂದು ಮೂಲೆಯ ಟೇಬಲ್ಲಿನ ಮೇಲಿದ್ದ ಮೌಸನ್ನು ಸರಿಸಿದಳೋ ಇಲ್ಲವೋ, ಕಪ್ಪಾಗಿದ್ದ ಪರದೆ ಬೆಳಗಿತು. ನಿನ್ನೆಯ ಗಲಾಟೆಯಲ್ಲಿ ಆ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ.

"ಅಮ್ಮ, ಬಂದಿದೆ!"

"ಎಂಥದೇ?"

"ಗೋಡೆ." ಧನ್ಯಾ ಕುರ್ಚಿ ಹಿಡಿದುಕೊಂಡು ಅಳತೊಡಗಿದಳು.

ಅಳುತ್ತಲೇ ಹೇಳಿದಳು. ಅಪ್ಪ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆ ಆಟದಲ್ಲಿ ದೇಶದೇಶದ ಜನ ಸೇರಿ ಊರು ಕಟ್ಟುತ್ತಾರೆ. ಗೋಡೆಗೆ ಕಲ್ಲು, ಇಟ್ಟಿಗೆ, ಹಲಗೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಅಪ್ಪ ನೆಲ ಹಾಕಿ, ಬಾಗಿಲು ನಿಲ್ಲಿಸಿ, ಒಲೆ ಇಟ್ಟು ಸುಮ್ಮನೆ ಕೂತುಬಿಟ್ಟಿದ್ದರು. ಅವರಿಗೆ ಇಡೀ ಇಡೀ ಮರದ ದಿಮ್ಮಿ ಜೋಡಿಸಿದ ಗೋಡೆಯೇ ಬೇಕು, ಅದು ಆಟದಲ್ಲಿರಲಿಲ್ಲ. ಅದನ್ನು ಸೇರಿಸಿ ಎಂದು ಆಟ ತಯಾರಿಸಿದವರಿಗೆ ಅವಳ ಕೈಲಿ ಇಂಗ್ಲಿಷಿನಲ್ಲಿ ಎಷ್ಟು ಸಲ ಬರೆಸಿದರೋ. ಎರಡು ಮಳೆಗಾಲ ಆ ಮನೆ ಗೋಡೆಯಿಲ್ಲದೆ ನಿಂತಿತ್ತು.

"ಇಟ್ಟಿಗೆ ಹಾಕಿ ಮುಗಿಸಿ ಅಪ್ಪ ಅಂದ್ರೆ, 'ಇಟ್ಟಿಗೆ ಹಾಕಿದ್ರೆ ಅದು ಕ್ವಾರ್ಟರ್ಸ್ ಆಗ್ತದೆ ಮಾರಾಯ್ತಿ' ಅನ್ನೋರು. ಒಂದ್ಸಲ ಕೇಳಿದ್ರಮ್ಮ, ಇದ್ರಲ್ಲಿ ಗೋಡೆ ಸಂದಿಗೆ ಅಂಗಿ ತುರುಕೋಕೆ ಬರ್ತದಾ ಅಂತ. ನಂಗೆ ನಗು ಬಂತು."

ವಿಮಲಮ್ಮನಿಗೆ ನಗು ಬರಲಿಲ್ಲ. ಅವಳು ಪರದೆಯ ಮುಂದೆ ಬಂದು ಕೂತಳು.

*

ಮದುವೆಯಾದ ಹೊಸತು. ಕಂಪನಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಚಂದ್ರಶೇಖರ ಸಂಸೆಯ ಆಚೆ ಕಾಡಿನಲ್ಲಿ ಮರದ ಕಂಟ್ರಾಕ್ಟರನ ಕೈಕೆಳಗಿದ್ದ. ಉಳಿಯಲು ಮನೆಯಿಲ್ಲ. ಲಾರಿಗೆ ಹೇರಲಾಗದ ಸೊಟ್ಟ ದಿಮ್ಮಿಗಳನ್ನು ಕೇಳಿ ಪಡೆದು, ತುದಿಗೆ ಕಚ್ಚು ಕೊಯ್ದು, ಒಂದರ ಮೇಲೊಂದು ಕೂರಿಸಿದ. ಅವಳು ಜೇಡಿಮಣ್ಣಿಗೆ ಹಾವಸೆ ಕಲಸಿ ಸಂದಿಗಳಿಗೆ ಮೆತ್ತಿದಳು.

"ಇದೆಂಥ ಮನೆ! ಗಾಳಿ ಬಂದ್ರೆ ಗೋಡೇನೇ ಸಿಳ್ಳೆ ಹಾಕ್ತದೆ," ಎಂದು ಅತ್ತೇಬಿಟ್ಟಿದ್ದಳು. ಚಂದ್ರಶೇಖರ ಹೋಗಿ, ಇದ್ದ ಎರಡು ಅಂಗಿಗಳಲ್ಲಿ ಒಂದನ್ನು ತಂದು, ಅವಳ ತಲೆದಿಂಬಿನ ಪಕ್ಕದ ಸಂದಿಗೆ ತುರುಕಿದ. ಇನ್ನೊಂದನ್ನೇ ಒಗೆದು ಒಗೆದು ಹಾಕಿಕೊಂಡು ಆ ಚಳಿಗಾಲ ಕಳೆದ. ಮುಂದಿನ ವರ್ಷ ಕಂಪನಿಯಲ್ಲಿ ಕೆಲಸ ಸಿಕ್ಕಿ ಇಟ್ಟಿಗೆಯ ಕ್ವಾರ್ಟರ್ಸಿಗೆ ಹೋದಾಗ ವಿಮಲಮ್ಮನೇ ಹಾರಿ ಕುಣಿದಿದ್ದಳು. ಆ ಗುಡಿಸಲಿನ ಮಾತು ಆಮೇಲೆ ಇಬ್ಬರೂ ಎತ್ತಿರಲಿಲ್ಲ.

*

"ನಿನ್ನೆ ಈ ಗೋಡೆ ಡೌನ್‌ಲೋಡ್ ಆಗ್ತಾ ಇತ್ತಮ್ಮ, ಕೊನೆಗೂ ಕಳಿಸಿದ್ರು. ಅಪ್ಪ ನೋಡ್ತಾ ಕೂತಿದ್ರು. 'ನಾಳೆ ನಿನ್ನಮ್ಮನ್ನ ಕರ್ಕೊಂಡು ಬಾ, ಗೋಡೆ ಅವಳೇ ನಿಲ್ಲಿಸ್ಲಿ' ಅಂದಿದ್ರು."

ವಿಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದನ್ನ ಹಿಡಿಯೋದು ಹೇಗೆ, ತೋರಿಸು."

ಮಗಳು ತಾಯಿಯ ಕೈಯನ್ನು ಮೌಸಿನ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟಳು. ಮೊದಲ ಗೋಡೆ ಓರೆಯಾಗಿ ಹೋಗಿ ಒಲೆಯ ಮೇಲೆ ಕೂತಿತು.

"ಅಯ್ಯೋ, ತೆಗಿಯೇ! ಹೊಗೆ ಎಲ್ಲಿಂದ ಹೋಗ್ಬೇಕು?"

ಎರಡನೆಯದು ಸರಿಯಾಗಿ ನಿಂತಿತು.

"ಕಿಟಕಿ ಎಷ್ಟು ಇಡ್ಲಮ್ಮ?"

"ಒಂದೇ. ಹೊಳೆ ಕಡೆಗೆ. ಅಷ್ಟು ದೊಡ್ಡದಲ್ಲ ಕಣೇ, ನಿಮ್ಮಪ್ಪ ಬಗ್ಗಿ ನೋಡ್ತಿದ್ರು."

ನಾಲ್ಕೂ ಗೋಡೆ ಎದ್ದವು. ಎರಡು ಮಳೆಗಾಲದಿಂದ ಗೋಡೆಗಾಗಿ ಕಾದು ನಿಂತಿದ್ದ ಬಾಗಿಲು ಈಗ ಬಾಗಿಲಾಯಿತು. ವಿಮಲಮ್ಮ ಹಣತೆಯನ್ನು ಪರದೆಯ ಪಕ್ಕದಲ್ಲಿಟ್ಟು ಬತ್ತಿ ಹೊತ್ತಿಸಿದಳು. ಆಮೇಲೆ ಮಗಳ ಕಾಲು ನೋಡಿದಳು.

"ಚಪ್ಪಲಿ ಹೊರಗೆ ಬಿಟ್ಟು ಬಾರೇ."

ಮಧ್ಯಾಹ್ನ ಗಂಡಸರು ಒದ್ದೆ ತಲೆಯಲ್ಲಿ ಬಂದರು. ಶಟರಿನ ಹೊರಗೆ ಎರಡು ಜೊತೆ ಚಪ್ಪಲಿ ಇದ್ದದ್ದು ಕಂಡು ಮಲ್ಲಿಕಾರ್ಜುನಪ್ಪ ತನ್ನದನ್ನೂ ಅಲ್ಲೇ ಕಳಚಿದ. ಹಿಂದೆ ಬಂದವರೂ ಕಳಚಿದರು. ದೀಪ ನೋಡಿ ಕೈ ಮುಗಿದ ಮಲ್ಲಿಕಾರ್ಜುನಪ್ಪ ಪರದೆಯತ್ತ ಬಗ್ಗಿದ.

"ಇದ್ಯಾರ ಮನೆ ಅಕ್ಕ?"

"ನಮ್ಮದೇ," ಎಂದಳು ವಿಮಲಮ್ಮ.

ಎಲ್ಲರೂ ಹೋದ ಮೇಲೆ ಗಿರಿಜಾಂಬಾ ಬಂದಳು. ಒಂದು ಕೈಯಲ್ಲಿ ಅನ್ನದ ಪಾತ್ರೆ, ಇನ್ನೊಂದರಲ್ಲಿ ಎಣ್ಣೆ ಬಾಟಲಿ. ಚಪ್ಪಲಿ ಬಿಟ್ಟು, ಶಟರಿನ ಆಚೆಯೇ ತಲೆ ತಗ್ಗಿಸಿ ನಿಂತಳು.

"ಒಳಗೆ ಬರ್ಬಹುದಾ ವಿಮಲ?"

ಸಾವಿನ ಮನೆಯಲ್ಲಿ ಯಾರನ್ನೂ ಬನ್ನಿ ಎನ್ನಬಾರದು. ವಿಮಲಮ್ಮ ತಾನು ಕೂತಿದ್ದ ಚಾಪೆಯಲ್ಲಿ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.